ಕೋಡಿಂಗ್ ಬಾರದವರಿಗೆ ಎಐ ದಾರಿ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆ, ಮಳೆಯನ್ನೇ ನೆಚ್ಚಿಕೊಂಡ ಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಇಂಥ ಊರುಗಳಲ್ಲಿ ಬಿ.ಎ., ಬಿ.ಕಾಂ. ಮುಗಿಸಿ ಕೆಲಸ ಹುಡುಕುವವರಿಗೆ ಈಗ ಮೊಬೈಲ್ ತೆರೆದರೆ ಸಾಕು, ಕೆಲವೇ ತಿಂಗಳಲ್ಲಿ ಎಐ (ಕೃತಕ ಬುದ್ಧಿಮತ್ತೆ) ಕಲಿಸಿ ದೊಡ್ಡ ಸಂಬಳ ಕೊಡಿಸುತ್ತೇವೆ ಎಂಬ ಜಾಹೀರಾತು ಎದುರಾಗುತ್ತದೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವರೇ ಪೈಪೋಟಿಯಲ್ಲಿ ಏದುಸಿರು ಬಿಡುತ್ತಿರುವಾಗ ಈ ಮಾತನ್ನು ನಂಬಿ ಸಾಲ ಮಾಡುವುದು ಅಪಾಯ. ಹಾಗೆಂದು ತಂತ್ರಜ್ಞಾನ ಓದದವರು ಆಸೆಯನ್ನೇ ಬಿಡಬೇಕಾಗಿಲ್ಲ. ಹಳೆಯ ತಿಳಿವಳಿಕೆಯನ್ನು ಬದಿಗೊತ್ತಿ ಹೊಸದಾಗಿ ಎಂಜಿನಿಯರ್ ಆಗಲು ಹೊರಟವರಿಗಿಂತ, ಬಲ್ಲ ವಿಷಯವನ್ನೇ ಜೊತೆಗೊಯ್ದವರಿಗೆ ಈ ಕ್ಷೇತ್ರದಲ್ಲಿ ನೆಲೆ ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಯಂತ್ರ ಕಲಿಯುವ ರೀತಿಯಲ್ಲೇ ಇದೆ. ಚಿತ್ರ ಗುರುತಿಸುವ ಎಐಗೆ ಅಡಿಪಾಯ ಹಾಕಿದ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹ 2009ರಲ್ಲಿ ಹೊರಬಂತು. ಮುಂದೆ ಅದು 1.4 ಕೋಟಿ ಚಿತ್ರಗಳಿಗೆ ಬೆಳೆಯಿತು. ಯಾವ ಚಿತ್ರದಲ್ಲಿ ಏನಿದೆ ಎಂದು ಗುರುತು ಹಾಕಿದವರು ಹಲವು ದೇಶಗಳ ಸಾಮಾನ್ಯ ಜನ. ನಾಯಿ, ಬೆಕ್ಕು, ಕಾರುಗಳನ್ನು ಯಾರಾದರೂ ಗುರುತಿಸಿಯಾರು. ಮೆಕ್ಕೆಜೋಳದ ಕೀಟಬಾಧೆ ಗುರುತಿಸುವ ಆ್ಯಪ್ ಮಾಡಬೇಕಾದರೆ? ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ದಾವಣಗೆರೆಯ ನೆರೆಯ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ತಿಳಿ ಗೆರೆ, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಅದರ ಗುರುತು. ಆದರೆ ಹೊಲದಲ್ಲಿ ತೆಗೆದ ಫೋಟೊದಲ್ಲಿ ಹುಳು ಕಾಣುವುದೇ ಅಪರೂಪ. ಅದು ಸುಳಿಯೊಳಗೆ ಅಡಗಿರುತ್ತದೆ. ಹರಿದ ಎಲೆ, ಸುಳಿಯಲ್ಲಿ ತುಂಬಿದ ಹಿಕ್ಕೆ ನೋಡಿಯೇ ಇದು ಸೈನಿಕ ಹುಳುವೋ ಕಾಂಡಕೊರಕವೋ ಎಂದು ಹೇಳಬೇಕು. ಇಲ್ಲಿ ಗುರುತು ತಪ್ಪಿದರೆ ಯಂತ್ರ ಆ ತಪ್ಪನ್ನೇ ಕಲಿತು, ರೈತ ಬೇಡದ ಔಷಧಿ ಸಿಂಪಡಿಸುವಂತೆ ಮಾಡುತ್ತದೆ. ಹೊಲ ಕಂಡವರ ಕಣ್ಣಿಗೆ ಬೆಲೆ ಬರುವುದು ಇಲ್ಲಿ.

ಭಾಷೆಯ ಕಥೆಯೂ ಇದೇ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ವಾಣಿ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ ತಮ್ಮ ನುಡಿಯಲ್ಲಿ ಮಾತಾಡಿಸುತ್ತಾರೆ. ದೇಶದ ಎಲ್ಲ ಜಿಲ್ಲೆಗಳ ಮಾತನ್ನು ಸಂಗ್ರಹಿಸುವುದು ಅದರ ಗುರಿ. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ ಕನ್ನಡದ ಪಠ್ಯ ಮತ್ತು ಧ್ವನಿಯ ದತ್ತಾಂಶವನ್ನು ಕಟ್ಟುತ್ತಾ ಬಂದಿದೆ. ಜಗಳೂರಿನ ರೈತನ ಮಾತನ್ನು ತಪ್ಪಿಲ್ಲದೆ ಬರಹಕ್ಕಿಳಿಸಲು, ಯಂತ್ರ ಕೊಟ್ಟ ಕನ್ನಡ ಉತ್ತರ ಸರಿಯೇ ಎಂದು ತೂಗಲು ಕನ್ನಡ ಎಂ.ಎ. ಓದಿದವರು ಪ್ರೋಗ್ರಾಮರಿಗಿಂತ ಹೆಚ್ಚು ಉಪಯುಕ್ತರು.

ಇದೆಲ್ಲ ಅಗ್ಗದ ಕೂಲಿಯಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಚಾಟ್‌ಜಿಪಿಟಿಯನ್ನು ಸುರಕ್ಷಿತಗೊಳಿಸಲು ದುಡಿದ ಕೀನ್ಯಾದ ಕಾರ್ಮಿಕರಿಗೆ ಗಂಟೆಗೆ 2 ಡಾಲರಿಗಿಂತ ಕಡಿಮೆ ಸಿಕ್ಕಿತೆಂದು ಟೈಮ್ ಪತ್ರಿಕೆ 2023ರಲ್ಲಿ ವರದಿ ಮಾಡಿತು. ಅದೇ ವರ್ಷ ಅದೇ ಪತ್ರಿಕೆ ಬರೆದಂತೆ, ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಧ್ವನಿ ಸಂಗ್ರಹಿಸಿದ ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿತ್ತು. ದತ್ತಾಂಶ ಮತ್ತೆ ಮಾರಾಟವಾದರೆ ಮಾತು ಕೊಟ್ಟವರಿಗೂ ಪಾಲಿತ್ತು. ಆದರೂ ಅದು ಪೂರಕ ಆದಾಯ, ಕಾಯಂ ನೌಕರಿಯಲ್ಲ. ಸರಳ ಗುರುತು ಹಾಕುವ ಕೆಲಸವನ್ನು ಯಂತ್ರಗಳೇ ಮಾಡತೊಡಗಿವೆ ಎಂಬುದೂ ನಿಜ. ಅದಕ್ಕೇ ಮೊದಲ ಮೆಟ್ಟಿಲಲ್ಲೇ ನಿಲ್ಲಬಾರದು. ಇತರರ ಕೆಲಸ ಪರಿಶೀಲಿಸುವುದು, ಯಾವುದನ್ನು ಹೇಗೆ ಗುರುತಿಸಬೇಕೆಂಬ ನಿಯಮ ಬರೆಯುವುದು, ಯಂತ್ರದ ತಪ್ಪುಗಳನ್ನು ವಿಂಗಡಿಸಿ ವರದಿ ಕೊಡುವುದು ಮುಂದಿನ ಮೆಟ್ಟಿಲುಗಳು. ಇವಕ್ಕೆ ವಿಷಯಜ್ಞಾನದ ಜೊತೆ ಎಕ್ಸೆಲ್, ಅಂಕಿಅಂಶಗಳ ಪ್ರಾಥಮಿಕ ತಿಳಿವಳಿಕೆ, ಒಂದಿಷ್ಟು ಪೈಥಾನ್ ಕೋಡಿಂಗ್ ಬೇಕಾಗುತ್ತದೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸವೂ ಬೇಕು. ಇದನ್ನು ಮುಚ್ಚಿಟ್ಟು ಧೈರ್ಯ ತುಂಬುವುದು ಸರಿಯಲ್ಲ.

ಗಣಿತಕ್ಕೆ ಹೆದರುವವರು ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಅವರನ್ನು ನೋಡಲಿ. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಅವರ ಮೊದಲ ಪದವಿ ಮನೋವಿಜ್ಞಾನದಲ್ಲಿ, 1970ರಲ್ಲಿ. ಆದರೆ ಕೃತಕ ಬುದ್ಧಿಮತ್ತೆಯಲ್ಲಿ ಡಾಕ್ಟರೇಟ್ ಮುಗಿಸಿದ್ದು 1978ರಲ್ಲಿ. ದಾರಿ ಇತ್ತು, ಅದು ವರ್ಷಗಳಷ್ಟು ಉದ್ದವಿತ್ತು. ಮೂರು ತಿಂಗಳ ಭರವಸೆ ಮಾರುವವರು ಕಥೆಯ ಈ ಅರ್ಧವನ್ನು ಹೇಳುವುದಿಲ್ಲ.

ಆದ್ದರಿಂದ ಪದವಿ ಮುಗಿಸಿದ ಮಕ್ಕಳಿರುವ ಮನೆಯವರಲ್ಲಿ ಒಂದು ವಿನಂತಿ. ಹೊಲ ಅಡವಿಟ್ಟು ಕೋರ್ಸಿಗೆ ಹಣ ಕಟ್ಟಬೇಡಿ. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಮೊದಲು ಅಲ್ಲಿ ಒಂದು ಕೋರ್ಸನ್ನು ಕೊನೆತನಕ ಮುಗಿಸಲಿ. ಅಲ್ಲಿಯವರೆಗೆ ಕೈಯಲ್ಲಿರುವ ಕೆಲಸವನ್ನು ಬಿಡದಿರಲಿ.