ಎಚ್ಚರಿಕೆಯೂ ಅಧಿಕಾರವೂ

ಅಮೆರಿಕದ ವ್ಯೋಮನೌಕೆ ‘ಚಾಲೆಂಜರ್’ 1986ರ ಜನವರಿ 28ರಂದು, ಮೇಲೆದ್ದ 73 ಸೆಕೆಂಡುಗಳಲ್ಲಿಯೇ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ಮಡಿದರು. ಪಕ್ಕದ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರಿನ ಬಳೆಗಳು ಚಳಿಗೆ ಬಿರುಸಾಗಿ, ಬಿಸಿ ಅನಿಲವನ್ನು ತಡೆಯಲಾರದೆ ಹೋದುವು. ಚಳಿಯಲ್ಲಿ ಉಡಾವಣೆ ಸಲ್ಲದೆಂದು ಹಿಂದಿನ ರಾತ್ರಿಯೇ ಇಂಜಿನಿಯರರು ಎಚ್ಚರಿಸಿದ್ದರು, ಮೇಲಧಿಕಾರಿಗಳು ಒಪ್ಪಲಿಲ್ಲ. ಹಿಂದಿನ ಯಾನಗಳಲ್ಲಿ ಬಳೆಗಳು ಸವೆದಿದ್ದರೂ ನೌಕೆಗಳು ಮರಳಿದ್ದುವು. ಆ ಅದೃಷ್ಟವನ್ನೇ ಸುರಕ್ಷತೆಯೆಂದು ಬಗೆಯಲಾಗಿತ್ತು.

2003ರಲ್ಲಿ ‘ಕೊಲಂಬಿಯಾ’ದ ಗತಿಯೂ ಇದೇ ಆಯಿತು. ಇಂಧನದ ತೊಟ್ಟಿಯ ಹೊದಿಕೆಯಿಂದ ಕಳಚಿದ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ಪೆಟ್ಟನ್ನು ಪರೀಕ್ಷಿಸಲು ಇಂಜಿನಿಯರರು ಕೋರಿದ ಚಿತ್ರಗಳು ದೊರೆಯಲಿಲ್ಲ. ಫೆಬ್ರವರಿ 1ರಂದು, ಮರಳುವ ದಾರಿಯಲ್ಲಿ, ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಅಸುನೀಗಿದರು.

ನಿರಪಾಯವೆಂದು ರುಜುವಾತುಪಡಿಸಬೇಕಾದ ಹೊಣೆ ಹಾರಿಸುವವರದು. ಎರಡು ಸಲವೂ ಅಪಾಯವನ್ನು ರುಜುವಾತುಪಡಿಸುವ ಭಾರ ಎಚ್ಚರಿಸಿದವರ ಮೇಲೆ ಬಿದ್ದಿತು.