ನಿಮಗಿದು ಗೊತ್ತೆ? ನಾಯಿಗೆ ಚಾಕೊಲೇಟ್ ವಿಷ!

ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಬರುವ ದತ್ತಭಕ್ತರಿಗೆ ನಾಯಿಗೆ ಹಾಕಿದ ತುತ್ತೂ ಸೇವೆಯೇ. ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿರುತ್ತವಲ್ಲ! ರೊಟ್ಟಿ ಹಾಕಿ, ಮಕ್ಕಳು ತಿಂದು ಬಿಟ್ಟ ಚಾಕೊಲೇಟ್ ಮಾತ್ರ ಬೇಡ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಮ್ಮ ಮೈಯಿಂದ ಬೇಗ ಕಳೆದುಹೋಗುತ್ತದೆ, ನಾಯಿಯ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ವಾಂತಿ, ಭೇದಿ, ನಡುಕ ಶುರುವಾಗಿ ಎದೆಬಡಿತ ಏರುತ್ತದೆ. ಹೆಚ್ಚಾದರೆ ಜೀವಕ್ಕೇ ಕುತ್ತು. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಜಾಸ್ತಿ. ಕೇಕಿಗೆ ಹಾಕುವ ಕೋಕೋ ಪುಡಿ ಇನ್ನೂ ಕೆಟ್ಟದ್ದು. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. 40 ದಾಟುವ ಕಲಬುರಗಿ ಬೇಸಿಗೆಯಲ್ಲಿ ಕರಗಿದ ಚಾಕೊಲೇಟನ್ನು ಬೀದಿಗೆ ಎಸೆಯಬೇಡಿ, ಎಚ್ಚರ! ನಾಯಿ ತಿಂದದ್ದು ಕಂಡರೆ ಕಾಯದೆ ಪಶುವೈದ್ಯರಿಗೆ ತೋರಿಸಿ.