ಹಾಡಿನ ಬುಡ ಹಿಡಿಯುವ ನಾಲ್ಕು ತಂತಿ

ಏಕತಾರಿಗೆ ಇರುವುದು ಒಂದೇ ತಂತಿ. ಶ್ರುತಿ ಕೊಡುವುದೂ ಅದೇ, ಲಯ ಹಿಡಿಯುವುದೂ ಅದೇ. ಯಾದಗಿರಿ ಸೀಮೆಯ ರಾಮಸಮುದ್ರದಂಥ ಊರುಗಳಲ್ಲಿ ತತ್ವಪದ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಮ್ಮಡಿ, ತಾಳ ಎಷ್ಟೇ ಜೋರಾದರೂ ಹಾಡುವವರ ಕಿವಿ ಆ ತಂತಿಯ ಮೇಲೇ ಇರುತ್ತದೆ. ರಾಕ್ ಬ್ಯಾಂಡಿನಲ್ಲಿ ಇಂಥದೇ ಜವಾಬ್ದಾರಿ ಹೊತ್ತಿರುವುದು ಬೇಸ್ ಗಿಟಾರ್.

ನೋಡುವುದಕ್ಕೆ ಅದೂ ಗಿಟಾರೇ. ಆದರೆ ಆರರ ಬದಲು ಸಾಮಾನ್ಯವಾಗಿ ನಾಲ್ಕೇ ತಂತಿ. ಅವು ದಪ್ಪ, ಉದ್ದವೂ ಹೆಚ್ಚು. ನಾದ ಮಾಮೂಲಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ. ತೀರ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸ್ಪೀಕರಿನ ಹತ್ತಿರ ನಿಂತರೆ ಎದೆಯೇ ನಡುಗುತ್ತದೆ. ಇದಕ್ಕೂ ಮುಂಚೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಹೊತ್ತೊಯ್ಯುವುದು ಕಷ್ಟ, ಡ್ರಮ್ಮಿನ ಅಬ್ಬರದಲ್ಲಿ ಅದರ ದನಿ ಅಡಗಿಬಿಡುತ್ತಿತ್ತು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತಂದ 'ಪ್ರಿಸಿಷನ್ ಬೇಸ್' ಈ ಎರಡೂ ತೊಂದರೆ ನೀಗಿಸಿತು. ವೀಣೆಯಲ್ಲಿರುವಂತೆ ಮೆಟ್ಟುಗಳಿದ್ದದ್ದರಿಂದ ಸ್ವರವೂ ಕರಾರುವಾಕ್ಕಾಗಿ ಬಂತು.

ಬೇಸಿನ ಮೇಲೆ ನಿಂತ ಈ ರಾಕ್ ಸಂಗೀತಕ್ಕೆ ಬೆಂಗಳೂರಿನಲ್ಲಿ ಅರ್ಧ ಶತಮಾನದ ಚರಿತ್ರೆಯಿದೆ. 1970ರ ದಶಕದ ಹೆಸರಾಂತ ಬ್ಯಾಂಡ್ 'ಹ್ಯೂಮನ್ ಬಾಂಡೇಜ್'. 1996ರಲ್ಲಿ ಶುರುವಾದ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ತಂಡದ ಮೊದಲ ವರ್ಷಗಳಲ್ಲಿ ಬೇಸ್ ಹಿಡಿದವರು ರ್ಝೂಡ್ ಡೇವಿಡ್.

ಕ್ಲಬ್ಬುಗಳಲ್ಲಿ ಜನ ನೋಡುವುದು ಹಾಡುಗಾರನನ್ನು, ಇಲ್ಲವೇ ಲೀಡ್ ಗಿಟಾರಿನವನನ್ನು. ಬೇಸಿನವನು ಡ್ರಮ್ಮಿನ ಮಗ್ಗುಲಲ್ಲಿ ನಿಂತಿರುತ್ತಾನೆ. ಬಲಗೈಯ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ತಂತಿ ಮೀಟುತ್ತವೆ. ಹೆಬ್ಬೆರಳು ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಮೇಲೆ ಊರಿರುತ್ತದೆ. ಕಣ್ಣು ದೊಡ್ಡ ಡ್ರಮ್ಮಿನ ಪೆಡಲ್ ತುಳಿಯುವ ಡ್ರಮ್ಮರನ ಬಲಗಾಲಿನ ಕಡೆ. ಆ ಪೆಡಲಿನ ಪೆಟ್ಟಿಗೂ ಈ ಮೀಟಿಗೂ ಕೂದಲೆಳೆಯಷ್ಟು ಅಂತರ ಬಿದ್ದರೂ ಹಾಡಿನ ಬಿಗಿ ತಪ್ಪುತ್ತದೆ. ಯಾವ ತಂತಿ ನುಡಿಸಬೇಕು ಎನ್ನುವಷ್ಟೇ ಮುಖ್ಯ, ಯಾವುದನ್ನು ಒತ್ತಿಹಿಡಿದು ಸುಮ್ಮನಿರಿಸಬೇಕು ಎನ್ನುವುದು.

ಬೇಸಿನವನೇ ಮುಂದಾಳಾಗಬಲ್ಲ ಎಂಬುದನ್ನು ಬೆಂಗಳೂರು 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಕಣ್ಣಾರೆ ಕಂಡಿತು. ಅಂದು ನುಡಿಸಿದ 'ಐರನ್ ಮೇಡನ್' ತಂಡವನ್ನು 1975ರಲ್ಲಿ ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್ ವಾದಕ.

ಕನ್ನಡದ ಪದಗಳೂ ಈ ತಂತಿಗೆ ಒಗ್ಗಿವೆ. ಗಾಯಕ ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿವೆ; ಅವರ ತಂಡದಲ್ಲಿ ಬೇಸ್ ನುಡಿಸಿದವರು ಗೌರವ್ ವಾಜ್. ವಾಸು ದೀಕ್ಷಿತರ 'ಸ್ವರಾತ್ಮ' ಬ್ಯಾಂಡಿನಲ್ಲಿ ಆ ಜಾಗ ಜಿಷ್ಣು ದಾಸಗುಪ್ತ ಅವರದು. ಏಕತಾರಿಗೆ ಹುಟ್ಟಿದ ಪದ ಬೇಸಿನ ಮೇಲೆ ನಿಂತಾಗ ಅದರ ನಡೆ ಕೆಡುವುದಿಲ್ಲ, ಏಕೆಂದರೆ ಎರಡೂ ಕಡೆ ಹಾಡಿನ ಭಾರ ಬೀಳುವುದು ಕೆಳಗಿನ ನಾದದ ಮೇಲೆ.

ತಿಂಥಣಿ ಮೋನಪ್ಪಯ್ಯ, ಕೊಡೇಕಲ್ ಬಸವಣ್ಣ, ಕಡಕೋಳ ಮಡಿವಾಳಪ್ಪನವರ ಪದಗಳ ಸೀಮೆ ನಮ್ಮದು. ಇಲ್ಲಿನ ಹುಡುಗ ಹುಡುಗಿಯರಿಗೆ ಕೆಳಗಿನ ನಾದ ಹೊಸದಲ್ಲ. ಗಿಟಾರ್ ಕಲಿಯಬೇಕೆಂದು ಹೊರಟವರು ಬೇಸನ್ನೂ ಒಮ್ಮೆ ಕೈಗೆತ್ತಿಕೊಳ್ಳಲಿ. ಕಾರ್ಯಕ್ರಮ ನಡೆಸುವವರು ಕರಪತ್ರದಲ್ಲಿ ಹಾಡುಗಾರರ ಜೊತೆಗೆ ಬೇಸ್ ನುಡಿಸುವವರ ಹೆಸರನ್ನೂ ಅಚ್ಚು ಹಾಕಲಿ.